ಇಮ್ಮಡಿ ತೊಟ್ಟಿಗೆ ಎಷ್ಟು ಚಮಚ?

ಆ ಬೀದಿಗೆ ಹೊಸ ನೀರಿನ ತೊಟ್ಟಿ ಬಂದು ಹತ್ತು ದಿನವಾಗಿತ್ತು. ಹೊಟ್ಟೆ ಕೆಡಲು ಶುರುವಾಗಿ ಆರು ದಿನ.

ಮೊದಲು ಇಳಿಜಾರಿನ ಕೊನೆಯ ಮನೆಯ ಇಬ್ಬರು ಮಕ್ಕಳಿಗೆ ಭೇದಿ ಹತ್ತಿತು. ಹೊರಗಡೆ ಏನೋ ತಿಂದಿರಬೇಕು ಎಂದರು. ಮಾರನೆಯ ದಿನ ಹೊಲಿಗೆಯವಳ ಮನೆ, ಅದರ ಮಾರನೆಯ ದಿನ ಬೀಗ ರಿಪೇರಿಯವನ ಮನೆ. ಹೀಗೆ ಅದು ಒಂದೊಂದೇ ಬಾಗಿಲು ತಟ್ಟುತ್ತಾ ದಿಬ್ಬ ಹತ್ತಿ ಬಂತು. ಆರನೆಯ ದಿನ ಬೆಳಿಗ್ಗೆ ನೀರಕ್ಕನ ಮನೆಯನ್ನೂ ಬಿಡಲಿಲ್ಲ. ಅವಳ ನಾಲ್ಕು ವರ್ಷದ ಮೊಮ್ಮಗಳು ಗುಬ್ಬಿ, ಮನೆ ತುಂಬಾ ಬಾಯಿ ಬಿಡುವಿಲ್ಲದೆ ಮಾತಾಡುವ ಹುಡುಗಿ, ಮಾತೇ ಇಲ್ಲದೆ ಚಾಪೆಯ ಮೇಲೆ ಮುದುರಿ ಮಲಗಿಬಿಟ್ಟಳು.

ನೀರಕ್ಕ ಎಂದರೆ ಆ ಬೀದಿಗೆ ನೀರು ಬಿಡುವವಳು. ಒಂಬತ್ತು ವರ್ಷದಿಂದ ಅದೇ ಕೆಲಸ. ಬೆಳಿಗ್ಗೆ ಎದ್ದು ಮೋಟಾರು ಹಾಕಬೇಕು. ತೊಟ್ಟಿ ತುಂಬಿದ ಮೇಲೆ ಕ್ರಿಮಿ ಸಾಯಲೆಂದು ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಗಸಿ ತಳಕ್ಕಿಳಿದ ಮೇಲೆ ಮೇಲಿನ ತಿಳಿನೀರನ್ನು ತೊಟ್ಟಿಗೆ ಸುರಿಯಬೇಕು. ಅರ್ಧ ಗಂಟೆ ಕಾದು ವಾಲ್ವ್ ತಿರುಗಿಸಬೇಕು. ಮೈಯಲ್ಲಿ ಜ್ವರವಿದ್ದ ದಿನವೂ ಅವಳು ತಲೆಗೆ ಬಟ್ಟೆ ಕಟ್ಟಿಕೊಂಡು ಹೋಗಿ ಇಷ್ಟನ್ನೂ ಮಾಡಿ ಬಂದು ಮಲಗಿದವಳು. ಪುಡಿಯ ಡಬ್ಬಿಯ ಜೊತೆಗೇ ಬಂದ ಒಂದು ಚಮಚವಿತ್ತು. ಅದನ್ನು ತುಂಬಿ, ಅಂಚಿಗೆ ಕಡ್ಡಿಯಾಡಿಸಿ ಸಮ ಮಾಡಿ, ಮೂರು ಚಮಚ. ಹಳೆಯ ತೊಟ್ಟಿಗೆ ಮೂರೇ ಚಮಚ ಎಂದು ಹಿಂದೆ ಯಾರೋ ಹೇಳಿಕೊಟ್ಟಿದ್ದರು. ಮೂರು ಏಕೆ ಎಂದು ಅವಳು ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ.

ಬೀದಿ ಬೆಳೆಯಿತು, ಪಕ್ಕದ ಎರಡು ಓಣಿಗಳೂ ಸೇರಿಕೊಂಡವು, ಹಳೆಯ ತೊಟ್ಟಿಯ ನೀರು ಯಾವ ಮೂಲೆಗೂ ಸಾಲದಾಯಿತು. ಅದನ್ನು ಒಡೆದು ಹೊಸದನ್ನು ಕಟ್ಟಿದವರು ನೀರಕ್ಕನ ಗಂಡನ ಅಣ್ಣ. ಬೀದಿಗೆಲ್ಲ ಅವರು ಮೇಸ್ತ್ರಿ, ನೀರಕ್ಕನಿಗೆ ಭಾವ. ಕೈ ಎಷ್ಟು ಅಚ್ಚುಕಟ್ಟೋ ಮಾತು ಅಷ್ಟೇ ಭಾರ. ತೊಟ್ಟಿ ಒಪ್ಪಿಸಿದ ದಿನ ಗೋಡೆಗೆ ಅಂಗೈ ಇಟ್ಟುಕೊಂಡು ಅವರು ಹೇಳಿದ್ದರು: "ನೋಡಮ್ಮ, ಉದ್ದ ಇಮ್ಮಡಿ, ಅಗಲ ಇಮ್ಮಡಿ, ಆಳಾನೂ ಇಮ್ಮಡಿ. ಎಲ್ಲಾ ಇಮ್ಮಡಿ ಮಾಡಿದೀನಿ. ಇನ್ನು ನೀನುಂಟು, ನಿನ್ನ ನೀರುಂಟು."

ಎಲ್ಲಾ ಇಮ್ಮಡಿ ಎಂದ ಮೇಲೆ ಪುಡಿಯೂ ಇಮ್ಮಡಿ. ನೀರಕ್ಕ ಮೂರು ಚಮಚದ ಜಾಗದಲ್ಲಿ ಆರು ಹಾಕತೊಡಗಿದಳು. ಒಂದು ದಿನವೂ ತಪ್ಪಿಸಲಿಲ್ಲ.

ಒಂದು ವಿಷಯ ಮಾತ್ರ ಅವಳಿಗೆ ತಲೆನೋವಾಗಿತ್ತು. ಮೊದಲು ಮೋಟಾರು ಹಾಕಿ ಅಂಗಳ ಗುಡಿಸಿ ಒಲೆ ಹಚ್ಚುವ ಹೊತ್ತಿಗೆ, ಅಂದರೆ ಒಂದು ಗಂಟೆಗೆ, ತೊಟ್ಟಿ ತುಂಬಿ ತುಳುಕುತ್ತಿತ್ತು. ಈಗ ಬೆಳಿಗ್ಗೆ ಆರಕ್ಕೆ ಹಾಕಿದರೆ ಮಧ್ಯಾಹ್ನ ಎರಡರವರೆಗೂ ಗುರ್ ಎನ್ನುತ್ತಲೇ ಇರುತ್ತಿತ್ತು. "ಮೋಟಾರಿಗೂ ವಯಸ್ಸಾಯ್ತು, ನನ್ನ ಹಾಗೆ ಎಳೆದುಕೊಂಡು ಎಳೆದುಕೊಂಡು ಕೆಲಸ ಮಾಡುತ್ತೆ," ಎಂದು ಅವಳು ರಿಪೇರಿಯವನನ್ನು ಕರೆಸಿದಳು. ಅವನು ಬಿಚ್ಚಿ ನೋಡಿ, ಮತ್ತೆ ಕಟ್ಟಿ, "ಇದಕ್ಕೇನೂ ಆಗಿಲ್ಲ ಕಣಕ್ಕ, ಮದುವೆ ಗಂಡಿನ ಹಾಗಿದೆ," ಎಂದು ಹೋಗಿದ್ದ. ನೀರಕ್ಕ ನಂಬಿರಲಿಲ್ಲ.

ಬೀದಿ ಬೇರೆಯದನ್ನೇ ನಂಬಿತ್ತು. ಆರನೆಯ ದಿನ ಮಧ್ಯಾಹ್ನ, ಪುಡಿ ಹಾಕಿ ಕಾಯುತ್ತಿದ್ದ ನೀರಕ್ಕನ ಎದುರಿಗೇ ಹೊಲಿಗೆಯವಳು ಅದನ್ನು ಬಾಯಿ ಬಿಟ್ಟು ಹೇಳಿದಳು.

"ತೊಟ್ಟಿ ಎಲ್ಲೋ ಬಿರುಕು ಬಿಟ್ಟಿದೆ. ಚರಂಡಿ ನೀರು ಒಳಗೆ ಸೇರ್ತಿದೆ. ಇಲ್ಲದಿದ್ರೆ ಹಳೇದಿದ್ದಾಗ ಬರದೇ ಇದ್ದ ಕಾಯಿಲೆ ಹೊಸದು ಬಂದ ಕೂಡಲೇ ಬರೋದಾ?"

ಮೇಸ್ತ್ರಿ ಅಲ್ಲೇ ಗೋಡೆಗೊರಗಿ ನಿಂತಿದ್ದರು. ಎರಡು ದಿನದಿಂದ ಅವರು ಬೇರೆ ಕೆಲಸಕ್ಕೆ ಹೋಗದೆ ತೊಟ್ಟಿಯ ಸುತ್ತ ಮಂಡಿಯೂರಿ ಬಿರುಕು ಹುಡುಕುತ್ತಿದ್ದರು. ಸಿಕ್ಕಿರಲಿಲ್ಲ.

"ಹುಡುಕಿ ತೋರಿಸಮ್ಮ," ಎಂದರು. "ಒಂದು ಕೂದಲೆಳೆಯಷ್ಟು ಬಿರುಕು ತೋರಿಸು, ನಾಳೆಯಿಂದ ಕರಣೆ ಮುಟ್ಟಲ್ಲ."

"ನಾನೇನು ಕಂಡೆ ಮೇಸ್ತ್ರಿ, ನನಗೆ ಸೂಜಿ ಗೊತ್ತು, ಗಾರೆ ಗೊತ್ತಿಲ್ಲ. ನನ್ನ ಮಗ ನಿತ್ರಾಣ ಆಗಿ ಮಲಗಿರೋದು ಗೊತ್ತು."

ಮೇಸ್ತ್ರಿ ಮತ್ತೆ ಗೋಡೆಯ ಬುಡ ತಡಕತೊಡಗಿದರು. ನೀರಕ್ಕನ ಕಣ್ಣು ಅಂಗಳದಾಚೆಯ ತನ್ನ ಮನೆಯ ಬಾಗಿಲ ಕಡೆಗೇ ಇತ್ತು. ಒಳಗೆ ಸೊಸೆ ಗುಬ್ಬಿಯ ಪಕ್ಕದಲ್ಲಿ ಕೂತು ಚಮಚದಲ್ಲಿ ನೀರು ಕುಡಿಸುತ್ತಿದ್ದಳು. ತಾನು ಬಿಟ್ಟ ನೀರೇ ಅದು.

ಆಗಲೇ ನರ್ಸಮ್ಮನ ಸ್ಕೂಟರಿನ ಸದ್ದು ಕೇಳಿದ್ದು. ವಾರಕ್ಕೊಮ್ಮೆ ಬರುವವರು, ಸುದ್ದಿ ತಿಳಿದು ತಮ್ಮ ದಿನಕ್ಕೆ ಮುಂಚೆಯೇ ಬಂದಿದ್ದರು. ಮೊದಲು ಮನೆಯೊಳಗೆ ಹೋಗಿ ಗುಬ್ಬಿಯ ಹೊಟ್ಟೆಯ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟು ನೋಡಿದರು, ಕಣ್ಣು ನೋಡಿದರು, ನಾಲಿಗೆ ನೋಡಿದರು.

"ಹೆದರಬೇಡಿ. ಮೈಯಲ್ಲಿ ನೀರು ಕಮ್ಮಿಯಾಗಿದೆ, ಅಷ್ಟೆ. ಕುದಿಸಿ ಆರಿಸಿದ ನೀರಲ್ಲಿ ಈ ಓಆರ್‌ಎಸ್ ಪೊಟ್ಟಣ ಕರಗಿಸಿ ಗುಟುಕು ಗುಟುಕಾಗಿ ಕೊಡಿ. ಸಂಜೆಯೊಳಗೆ ಉಚ್ಚೆ ಮಾಡದಿದ್ರೆ, ಇಲ್ಲ ಕುಡಿದದ್ದೆಲ್ಲ ಕಕ್ಕಿದ್ರೆ, ಒಂದು ಕ್ಷಣ ಕಾಯದೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ."

"ಕುದಿಸಿದ್ದಾ?" ಸೊಸೆ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಇದು ಪುಡಿ ಹಾಕಿದ ನೀರೇ ಅಲ್ವಾ?"

"ಅದನ್ನೇ ನೋಡೋಣ ಅಂತ ಬಂದೆ," ಎಂದು ನರ್ಸಮ್ಮ ಹೊರಗೆ ಬಂದರು.

ತೊಟ್ಟಿಯ ಕೆಳಗಿನ ನಲ್ಲಿಯಿಂದ ಒಂದು ಸಣ್ಣ ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಎರಡು ಹನಿ ಔಷಧಿ ಬಿಟ್ಟರು. ಪುಡಿ ಸರಿಯಾಗಿ ಬಿದ್ದ ನೀರಾದರೆ ಹಳದಿ ಬಣ್ಣ ಬರಬೇಕು. ಬಿಸಿಲಿಗೆ ಹಿಡಿದು ನೋಡಿದರು, ಅಂಗೈ ಅಡ್ಡ ಹಿಡಿದು ನೋಡಿದರು. ನೀರು ಹೇಗಿತ್ತೋ ಹಾಗೇ ಇತ್ತು.

"ಅಕ್ಕ, ಇವತ್ತು ಪುಡಿ ಹಾಕಿದ್ರಾ?"

"ಹಾಕಿ ಅರ್ಧ ಗಂಟೆ ಆಯ್ತು."

"ಎಷ್ಟು ಚಮಚ?"

ನೀರಕ್ಕ ಪುಡಿಯ ಡಬ್ಬಿಯ ಕಡೆ ನೋಡಿದಳು. ಪಕ್ಕದಲ್ಲೇ ಹೊಲಿಗೆಯವಳು ನಿಂತಿದ್ದಾಳೆ. ಆರು ಎಂದುಬಿಟ್ಟರೆ, ಅದು ತಪ್ಪೆಂದಾದರೆ, ಇಡೀ ಬೀದಿಯ ಮಕ್ಕಳ ಹೊಟ್ಟೆ ಕೆಡಿಸಿದ ಕೈ ಇದೇ ಎಂದಾಗುತ್ತದೆ. ತನ್ನ ಗುಬ್ಬಿಯ ಹೊಟ್ಟೆಯೂ. 'ಯಾವಾಗಲೂ ಹಾಕುವಷ್ಟೇ' ಎಂದು ಜಾರಿಸಿಬಿಡಬಹುದಿತ್ತು. ಆ ಮಾತು ತುಟಿಯವರೆಗೂ ಬಂದಿತ್ತು. ಆದರೆ ಒಳಗಿನಿಂದ ಮಗುವಿನ ನರಳಿಕೆ ಸಣ್ಣಗೆ ಕೇಳಿಸಿತು.

"ಆರು," ಎಂದಳು. "ಹಳೇದಕ್ಕೆ ಮೂರಿತ್ತು. ಇದು ಇಮ್ಮಡಿ ಅಂತ ಆರು ಮಾಡಿದೆ. ಹೆಚ್ಚೂ ಹಾಕಿಲ್ಲ, ಕಮ್ಮೀನೂ ಹಾಕಿಲ್ಲ. ಹತ್ತು ದಿನದಿಂದ ಆರೇ."

ನರ್ಸಮ್ಮ ನಳಿಗೆ ಕೆಳಗಿಟ್ಟರು. "ಇಷ್ಟು ಸ್ಪಷ್ಟವಾಗಿ ಹೇಳಿದ್ರಲ್ಲ ಅಕ್ಕ, ದೊಡ್ಡ ಉಪಕಾರ ಆಯ್ತು. ಎಷ್ಟೋ ಕಡೆ 'ಒಂದಿಷ್ಟು ಹಾಕ್ತೀವಿ' ಅಂತಾರೆ. ಒಂದಿಷ್ಟನ್ನ ಹಿಡ್ಕೊಂಡು ನಾನೆಲ್ಲಿ ಹುಡುಕಲಿ? ಇಮ್ಮಡಿ ಅಂತ ಹೇಳಿದ್ದು ಯಾರು?"

"ನಾನೇ," ಎಂದರು ಮೇಸ್ತ್ರಿ ಎದೆ ಸೆಟೆಸಿ. "ಉದ್ದ ಇಮ್ಮಡಿ, ಅಗಲ ಇಮ್ಮಡಿ, ಆಳ ಇಮ್ಮಡಿ. ಟೇಪು ಹಿಡಿದು ಕಟ್ಟಿದೀನಿ. ಒಂದಂಗುಲ ಅತ್ತಿತ್ತ ಆಗಿದ್ರೆ ಕೇಳಿ."

"ಮೂರೂ ಇಮ್ಮಡಿ ಆದ್ರೆ ತೊಟ್ಟಿ ಎಷ್ಟು ಪಟ್ಟಾಯ್ತು ಮೇಸ್ತ್ರಿ?"

"ಇಮ್ಮಡಿ ಅಂದ್ರೆ ಇಮ್ಮಡಿ. ಎರಡು ಪಟ್ಟು." ಅಷ್ಟು ಹೇಳಿ, ಏನೋ ಹೊಳೆದವರಂತೆ ತಡೆದು ಬೆರಳು ಮಡಿಚಿದರು. "ತಡೀರಿ. ಉದ್ದಕ್ಕೆ ಎರಡು, ಅಗಲಕ್ಕೆ ಎರಡು, ಆಳಕ್ಕೆ ಎರಡು. ಎರಡೂ ಎರಡೂ ಎರಡೂ ಆರು. ಆರು ಪಟ್ಟು."

"ಎರಡರಿಂದ ಆರಕ್ಕೆ ಹಾರಿದ್ರಿ. ಇನ್ನೂ ಒಂದು ಸಲ ಹಾರೋದು ಬಾಕಿ ಇದೆ," ಎಂದರು ನರ್ಸಮ್ಮ.

"ಇನ್ನೇನಿರುತ್ತೆ? ಎರಡು ಮೂರ್ಲಿ ಆರೇ. ನಾನೂ ಮಗ್ಗಿ ಬಾಯಿಪಾಠ ಮಾಡಿದವನೇ."

"ದೊಡ್ಡ ಮಾವ ಮಗ್ಗಿ ಹೇಳಿದ್ರೆ ಮೇಷ್ಟ್ರು ಎದ್ದು ನಿಂತ್ಕೊಳ್ತಿದ್ರಂತೆ," ಎಂದಳು ಹೊಸ್ತಿಲಲ್ಲಿ ನಿಂತಿದ್ದ ಸೊಸೆ. "ಹೊಡಿಯೋಕೆ."

ಬೇಸರದ ಮಧ್ಯೆಯೂ ಹೊಲಿಗೆಯವಳ ತುಟಿ ಅಗಲವಾಯಿತು. ನರ್ಸಮ್ಮ ಅಂಗಳದ ತಂತಿಯ ಮೇಲೆ ಒಣಗಿದ್ದ ಗುಬ್ಬಿಯ ಹೊದಿಕೆಯನ್ನು ಎಳೆದುಕೊಂಡರು. ಅದರ ಒಂದು ತುದಿಯನ್ನು ನೀರಕ್ಕನ ಕೈಗೆ ಕೊಟ್ಟರು.

"ಅಕ್ಕ, ಇದನ್ನ ಉದ್ದಕ್ಕೆ ಒಂದು ಸಲ ಮಡಿಚೋಣ. ಈಗ ಎಷ್ಟು ಪದರ?"

"ಎರಡು."

"ಇದೇ ಇಮ್ಮಡಿ. ಬಟ್ಟೆ ಮಡಿಚೋ ಮಡಿಯೇ ಆ ಮಾತಲ್ಲೂ ಇರೋದು. ಈಗ ಅಗಲಕ್ಕೆ ಮಡಿಚೋಣ. ಮೇಸ್ತ್ರಿ, ನಿಮ್ಮ ಲೆಕ್ಕದಲ್ಲಿ ಎಷ್ಟು ಪದರ?"

"ಎರಡಿತ್ತು, ಇನ್ನೆರಡು ಸೇರ್ತು. ನಾಲ್ಕು."

"ನಾಲ್ಕೇ. ಇನ್ನೊಂದು ಸಲ ಮಡಿಚಿದ್ರೆ?"

"ಇನ್ನೆರಡು. ಆರು."

ನರ್ಸಮ್ಮ ಮಡಿಚಿದರು. ಮಡಿಚಿದ ಹೊದಿಕೆಯನ್ನು ಮೇಸ್ತ್ರಿಯ ಅಂಗೈ ಮೇಲಿಟ್ಟು, "ಎಣಿಸಿ," ಎಂದರು.

ಮೇಸ್ತ್ರಿ ಅಂಚನ್ನು ಒಂದೊಂದಾಗಿ ಹೆಬ್ಬೆರಳಲ್ಲಿ ಎತ್ತುತ್ತಾ ಎಣಿಸಿದರು. ಆರಾದ ಮೇಲೂ ಅಂಚು ಉಳಿದಿತ್ತು. ಮತ್ತೆ ಮೊದಲಿನಿಂದ ಎಣಿಸಿದರು. ಎರಡನೆಯ ಸಲವೂ ಎಂಟು.

"ಮಡಿಚೋವಾಗ ಎರಡು ಪದರ ತಂದು ಸೇರಿಸೋದಿಲ್ಲ ಮೇಸ್ತ್ರಿ. ಇದ್ದದ್ದೆಲ್ಲಾ ಎರಡಾಗುತ್ತೆ," ಎಂದರು ನರ್ಸಮ್ಮ. "ನಾಲ್ಕಿದ್ರೆ ನಾಲ್ಕೂ ಎರಡೆರಡಾಗಿ ಎಂಟು. ಎರಡೆರಡ್ಲಿ ನಾಲ್ಕು, ನಾಲ್ಕೆರಡ್ಲಿ ಎಂಟು. ನೀವು ಮೂರು ಸಲ ಮಡಿ ಹಾಕಿ ಕಟ್ಟಿದೀರ. ಅಕ್ಕ ಒಂದೇ ಮಡಿಗೆ ಪುಡಿ ಹಾಕಿದಾರೆ."

ನೀರಕ್ಕನ ಕಿವಿಯಲ್ಲಿ ಮೋಟಾರಿನ ಗುರ್ ಸದ್ದು ಮತ್ತೆ ಹೊಕ್ಕಂತಾಯಿತು. ಒಂದು ಗಂಟೆಗೆ ತುಂಬುತ್ತಿದ್ದದ್ದು ಈಗ ಆರರಿಂದ ಎರಡರವರೆಗೆ. ಬೆರಳು ಮಡಿಚಿ ನೋಡಿದಳು. ಎಂಟು ಗಂಟೆ.

"ಅಯ್ಯೋ, ಪಾಪದ ಮೋಟಾರಿಗೆ ಬೈದೆನಲ್ಲ ಭಾವ," ಎಂದಳು. "ಇಷ್ಟು ದಿನ ಎಂಟು, ಎಂಟು ಅಂತ ಅದು ಹೇಳ್ತಾನೇ ಇತ್ತು."

ಮೇಸ್ತ್ರಿ ಹೊದಿಕೆಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು. ಆದರೂ ಅವರಿಗೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. "ಬಟ್ಟೆ ಬೇರೆ, ನೀರು ಬೇರೆ," ಎಂದರು. "ಬಟ್ಟೇನ ಎಣಿಸಬಹುದು. ನೀರನ್ನ ಹೇಗೆ ಎಣಿಸ್ತೀರಿ?"

"ಟೇಪು ತನ್ನಿ, ಎಣಿಸೋಣ."

ಮೇಸ್ತ್ರಿ ಟೇಪು ತಂದರು. ಉದ್ದ ನಾಲ್ಕು ಮೀಟರು. ಅಗಲ ಮೂರು. ನೀರಿನ ಆಳ ಎರಡು. ನರ್ಸಮ್ಮ ಒಂದು ಸುಣ್ಣದ ತುಂಡು ತೆಗೆದುಕೊಂಡು ಅಂಗಳದಲ್ಲಿ ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲಕ್ಕೆ ಚೌಕ ಚೌಕವಾಗಿ ಗೆರೆ ಎಳೆದರು.

"ಒಂದು ಮೀಟರು ಉದ್ದ, ಒಂದು ಮೀಟರು ಅಗಲ, ಒಂದು ಮೀಟರು ಎತ್ತರದ ಪೆಟ್ಟಿಗೆ ಅಂತ ಅಂದ್ಕೊಳ್ಳಿ. ಅದರಲ್ಲಿ ಸಾವಿರ ಲೀಟರು ನೀರು ಹಿಡಿಯುತ್ತೆ. ಈ ಡಬ್ಬಿಯ ಚಮಚದಲ್ಲಿ ಒಂದು ಚಮಚ ಅಂಥ ಒಂದು ಪೆಟ್ಟಿಗೆಗೆ. ತೊಟ್ಟಿಯ ತಳದಲ್ಲಿ ಅಂಥ ಪೆಟ್ಟಿಗೆ ಎಷ್ಟು ಕೂರ್ತವೆ?"

ಸೊಸೆ ಹೊಸ್ತಿಲಿನಿಂದ ಇಳಿದು ಬಂದಳು. ಅವಳು ಸೋಪಿನ ಗೋದಾಮಿನಲ್ಲಿ ಪೆಟ್ಟಿಗೆ ತುಂಬುವ ಕೆಲಸ ಮಾಡುವವಳು. ಅಂದು ಮಗಳಿಗಾಗಿ ರಜೆ ಹಾಕಿದ್ದಳು.

"ನಾಲ್ಕರ ಸಾಲು ಮೂರು. ಹನ್ನೆರಡು," ಎಂದಳು. "ಅದರ ಮೇಲೆ ಅಂಥದ್ದೇ ಇನ್ನೊಂದು ಪದರ, ಇನ್ನೊಂದು ಅಡುಕು. ಇಪ್ಪತ್ತನಾಲ್ಕು. ಇದು ನಮ್ಮ ಸೋಪಿನ ಲೆಕ್ಕ. ಅಡ್ಡಕ್ಕೆ ಆರು, ಒಳಕ್ಕೆ ನಾಲ್ಕು, ಮೇಲಕ್ಕೆ ಐದು ಅಡುಕು ಜೋಡಿಸಿದ್ರೆ ಒಂದು ಪೆಟ್ಟಿಗೆಗೆ ನೂರಿಪ್ಪತ್ತು ಸೋಪು. ಒಂದೊಂದಾಗಿ ಎಣಿಸ್ತಾ ಕೂತ್ರೆ ಗೋದಾಮಿನವರು ಮನೆಗೆ ಕಳಿಸ್ತಾರೆ."

"ಅಲ್ಲ ಕಣೇ," ನೀರಕ್ಕ ಸೊಸೆಯತ್ತ ತಿರುಗಿದಳು, "ಇಷ್ಟು ಗೊತ್ತಿದ್ದೂ ಹತ್ತು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆಯಾ?"

"ನೀವು ಕೇಳಿದ್ರಾ ಅತ್ತೆ? ಪುಡಿ ಡಬ್ಬಿ ಹತ್ರ ಹೋದ್ರೆ ಕೈ ಮೇಲೆ ಹೊಡೀತೀರಿ." ಅಷ್ಟು ಹೇಳಿ ಸೊಸೆಯ ದನಿ ಇಳಿಯಿತು. "ನನಗೂ ಹೊಳೀಲಿಲ್ಲ. ಸೋಪಿಗೆ ಮಾತ್ರ ಈ ಲೆಕ್ಕ ಅಂದ್ಕೊಂಡಿದ್ದೆ. ನೀರಿಗೂ ಆಗುತ್ತೆ ಅಂತ ತಲೆಗೇ ಬರಲಿಲ್ಲ."

ಮೇಸ್ತ್ರಿ ಕೊನೆಯ ಪಟ್ಟು ಹಿಡಿದರು. "ನೀವು ಉದ್ದದಿಂದ ಶುರು ಮಾಡಿದ್ರಿ. ನಾನು ಆಳದಿಂದ ಶುರು ಮಾಡಿದ್ರೆ? ಲೆಕ್ಕ ಬದಲಾದ್ರೆ?"

"ಮಾಡಿ ನೋಡಿ."

"ಎರಡು ಮೂರ್ಲಿ ಆರು." ಈ ಸಲ ಅವರ ಹಳೆಯ ಆರಿಗೆ ಒಂದು ಕೆಲಸ ಸಿಕ್ಕಿತು. "ಆರ್ ನಾಲ್ಕ್ಲಿ ಇಪ್ಪತ್ತನಾಲ್ಕು." ಮತ್ತೆ ಅಗಲದಿಂದ ಹಿಡಿದು ಮಾಡಿದರು. ಮೂರ್ ನಾಲ್ಕ್ಲಿ ಹನ್ನೆರಡು, ಹನ್ನೆರಡೆರಡ್ಲಿ ಇಪ್ಪತ್ತನಾಲ್ಕು. "ಯಾವ ಮೂಲೆಯಿಂದ ಹತ್ತಿದ್ರೂ ಅಲ್ಲೇ ಬಂದು ಇಳೀತೀನಲ್ಲ," ಎಂದರು.

"ಗುಣಿಸೋವಾಗ ಹಾಗೇನೇ. ಯಾವುದು ಸುಲಭವೋ ಅದನ್ನ ಮೊದಲು ಹಿಡೀರಿ. ಒಂದನ್ನೂ ಬಿಡಬಾರದು, ಅಷ್ಟೆ. ಬೇಕಾದ್ರೆ ಹಳೇ ತೊಟ್ಟಿಗೂ ಮಾಡಿ. ಅದರ ಅಳತೆ ಇದರಲ್ಲಿ ಅರ್ಧರ್ಧ ಅಲ್ವಾ?"

"ಉದ್ದ ಎರಡು, ಅಗಲ ಒಂದೂವರೆ, ಆಳ ಒಂದು," ಎಂದಳು ನೀರಕ್ಕ ನಿಧಾನವಾಗಿ. "ಎರಡು ಒಂದೂವರೆ ಮೂರು. ಮೂರೊಂದ್ಲಿ ಮೂರು." ಅವಳ ಕೈ ತಾನಾಗಿಯೇ ಚಮಚ ಹಿಡಿದಂತೆ ಮಡಿಚಿಕೊಂಡಿತು. ಒಂಬತ್ತು ವರ್ಷ ದಿನಾ ಮುಟ್ಟಿದ ಮೂರು ಎಲ್ಲಿಂದ ಬಂತೆಂದು ಅವಳಿಗೆ ತಿಳಿದದ್ದು ಆಗ.

"ಆರು ಆಗಲೇ ಹಾಕಿದ್ದೀರಿ. ಇಪ್ಪತ್ತನಾಲ್ಕಕ್ಕೆ ಇನ್ನೆಷ್ಟು ಬೇಕು?"

"ಹದಿನೆಂಟು."

ಹದಿನೆಂಟನ್ನೂ ನೀರಕ್ಕನೇ ಅಳೆದಳು. ಹೊಲಿಗೆಯವಳು ಎಣಿಸಿದಳು. ಒಂಬತ್ತಕ್ಕೆ ಬರುವಷ್ಟರಲ್ಲಿ ಮೇಸ್ತ್ರಿ ಬಾಯಿ ಹಾಕಿ ಲೆಕ್ಕ ತಪ್ಪಿಸಿಬಿಡುವುದರಲ್ಲಿದ್ದರು. "ಮೇಸ್ತ್ರಿ, ನೀವು ಇಮ್ಮಡಿ ಸುಮ್ಮನಿರಿ," ಎಂದು ಹೊಲಿಗೆಯವಳು ಗದರಿದಳು. ಬಕೆಟ್ಟಿನಲ್ಲಿ ಕಲಸಿ, ತಿಳಿ ಬಿಡಿಸಿ, ತೊಟ್ಟಿಗೆ ಸುರಿದು ಅರ್ಧ ಗಂಟೆ ಕಾದರು. ಆ ಅರ್ಧ ಗಂಟೆಯಲ್ಲಿ ನೀರಕ್ಕ ಎಷ್ಟು ಸಲ ಒಳಗೆ ಹೋಗಿ ಗುಬ್ಬಿಯ ಹಣೆ ಮುಟ್ಟಿ ಬಂದಳೋ ಅವಳಿಗೇ ಗೊತ್ತಿಲ್ಲ.

ನರ್ಸಮ್ಮ ಮತ್ತೆ ನಳಿಗೆ ಹಿಡಿದರು. ಎರಡು ಹನಿ ಬಿತ್ತು. ನೀರಿನ ನಡುವಿನಿಂದ ಹಳದಿ ಬಣ್ಣ ಎದ್ದು, ಹೊಗೆಯಂತೆ ಹರಡಿ, ನಳಿಗೆಯೆಲ್ಲ ತುಂಬಿತು. ಅದನ್ನು ಅವರು ನೀರಕ್ಕನ ಕೈಗೆ ಕೊಟ್ಟರು. ಅವಳು ಬಿಸಿಲಿಗೆ ಎತ್ತಿ ಹಿಡಿದು ತುಂಬಾ ಹೊತ್ತು ನೋಡಿದಳು. ಕಣ್ಣಿಗೆ ಬೆಳಕು ಹೊಡೆಯಿತೆಂದು ಸೆರಗಿನಲ್ಲಿ ಒರೆಸಿಕೊಂಡಳು. ಬೆಳಕು ಅಷ್ಟೇನೂ ಹೊಡೆಯುತ್ತಿರಲಿಲ್ಲ.

ಸಂಜೆ ನಾಲ್ಕೂವರೆಗೆ ಗುಬ್ಬಿ ಉಚ್ಚೆ ಮಾಡಿದಳು. ಸೊಸೆ ಅದನ್ನು ಬೀದಿಗೆಲ್ಲ ಕೇಳಿಸುವಂತೆ ಹೇಳಿದಳು. ಮೂರನೆಯ ದಿನ ಹುಡುಗಿ ಎದ್ದು ಕೂತು, ತನ್ನನ್ನು ಬಿಟ್ಟು ಎಲ್ಲರೂ ಅಂಗಳದಲ್ಲಿ ಗೆರೆ ಎಳೆದು ಕುಂಟೆಬಿಲ್ಲೆ ಆಡಿದ್ದೇಕೆಂದು ಜಗಳ ತೆಗೆದಳು.

ಹೊಸದಾಗಿ ಯಾರಿಗೂ ಕಾಯಿಲೆ ಹತ್ತಲಿಲ್ಲ. ಆದರೂ ಬೀದಿ ತನ್ನನ್ನೇ ದೂರುತ್ತದೆಂಬ ಹೆದರಿಕೆ ನೀರಕ್ಕನ ಒಳಗೆ ಕೂತೇ ಇತ್ತು. ನಾಲ್ಕು ದಿನ ಅವಳು ವಾಲ್ವ್ ತಿರುಗಿಸಿ ತಲೆ ತಗ್ಗಿಸಿಕೊಂಡು ಬಂದುಬಿಡುತ್ತಿದ್ದಳು. ಐದನೆಯ ದಿನ ಹೊಲಿಗೆಯವಳು ದಾರಿಗೆ ಅಡ್ಡ ನಿಂತಳು. ಪಕ್ಕದಲ್ಲಿ ಅವಳ ಮಗನಿದ್ದ, ಕೆನ್ನೆ ತುಂಬಿಕೊಂಡಿತ್ತು.

"ನೀರಕ್ಕ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದಳು. "ಅವತ್ತು ನೀವು ಆರು ಅಂತ ಹೇಳದೆ ಇದ್ದಿದ್ರೆ ನಾವಿನ್ನೂ ಬಿರುಕು ಹುಡುಕ್ತಿದ್ವಿ. ನಾನಾಗಿದ್ರೆ ಹೇಳ್ತಿದ್ನೋ ಇಲ್ವೋ. ನೀವು ಹೇಳಿದ್ರಿ. ನನ್ನ ಮಗ ಎದ್ದು ಓಡಾಡ್ತಿದಾನೆ."

ನೀರಕ್ಕ ಹುಡುಗನ ತಲೆ ಸವರಿದಳು. "ನರ್ಸಮ್ಮ ಹೇಳಿಕೊಟ್ರು," ಎಂದಳು. "ಸೊಸೆಗೂ ಗೊತ್ತಿತ್ತು. ನೀನು ಹದಿನೆಂಟು ಸರಿಯಾಗಿ ಎಣಿಸಿದೆ."

ಮೇಸ್ತ್ರಿ ಆ ಸಂಜೆಯೇ ಕರಣೆ ಹಿಡಿದು ಬಂದರು. ತೊಟ್ಟಿಯ ಹೊರಗೋಡೆಯಲ್ಲಿ ಒಂದು ಮೊಳದಷ್ಟು ಜಾಗಕ್ಕೆ ನುಣ್ಣಗೆ ಗಾರೆ ಬಳಿದು, ಹಸಿಯಿರುವಾಗಲೇ ಕಡ್ಡಿಯಲ್ಲಿ ಕೊರೆದರು: ಉದ್ದ 4, ಅಗಲ 3, ನೀರಿನ ಆಳ. ಆಳದ ಎದುರು ಏನೂ ಬರೆಯದೆ ಖಾಲಿ ಬಿಟ್ಟರು.

"ಅಲ್ಲಿ ಎರಡು ಬರೀಬೇಕಲ್ವಾ ಭಾವ?"

"ತೊಟ್ಟಿ ಎರಡು ಮೀಟರು. ನೀರು ದಿನಾ ಎರಡೇ ಇರುತ್ತಾ? ಅದನ್ನ ನೀನು ಕೋಲು ಇಳಿಸಿ ನೋಡಿ ಸುಣ್ಣದಲ್ಲಿ ಬರಿ." ಕಡ್ಡಿ ಒರೆಸಿಕೊಂಡರು. "ಎಲ್ಲಾ ಇಮ್ಮಡಿ ಅಂತ ದೊಡ್ಡದಾಗಿ ಹೇಳಿದವನು ನಾನು, ಬೈಸಿಕೊಳ್ಳೋಳು ನೀನಾಗ್ತಿದ್ದೆ. ಮನಸ್ಸಲ್ಲಿ ಇಟ್ಕೋಬೇಡಮ್ಮ."

"ನೀವು ಬಿಗಿಯಾಗಿ ಕಟ್ಟಿದ್ದಕ್ಕೇ ಬರೀ ಪುಡಿಯಲ್ಲಿ ಮುಗೀತು ಭಾವ. ನಿಜವಾಗಿಯೂ ಬಿರುಕಿದ್ದಿದ್ರೆ ಏನು ಗತಿ?"

ಮುಂದಿನ ವಾರ ಕರೆಂಟು ಕೈಕೊಟ್ಟಿತು. ಮೋಟಾರು ಆರೇ ಗಂಟೆ ಓಡಿತು. ನೀರಕ್ಕ ಕೋಲು ಇಳಿಸಿ ನೋಡಿದಳು, ನೀರು ಒಂದೂವರೆ ಮೀಟರಿಗೆ ನಿಂತಿತ್ತು. ಯಾರನ್ನೂ ಕರೆಯಲಿಲ್ಲ. ನಾಲ್ಕು ಮೂರ್ಲಿ ಹನ್ನೆರಡು. ಹನ್ನೆರಡೂ ಅದರ ಅರ್ಧ ಆರೂ ಹದಿನೆಂಟು. ಹದಿನೆಂಟು ಚಮಚ. ಸಂಜೆ ನರ್ಸಮ್ಮ ಬಂದು ನಳಿಗೆ ಹಿಡಿದರೆ ಅದೇ ಹಳದಿ.

"ತೊಟ್ಟಿ ಪೂರ್ತಿ ಖಾಲಿ ಇದ್ರೆ ಎಷ್ಟು ಹಾಕ್ತೀಯಮ್ಮ?" ಎಂದು ಮೇಸ್ತ್ರಿ ಕೆಣಕಿದರು.

"ಹನ್ನೆರಡು ಸೊನ್ನೆಲಿ ಸೊನ್ನೆ. ಅವತ್ತು ನಾನು ಬರಲ್ಲ, ನೀವೇ ಬಂದು ಕಾಯ್ಕೊಳ್ಳಿ."

ನರ್ಸಮ್ಮ ನಗುತ್ತಲೇ ಪುಸ್ತಕ ತೆಗೆದು, ಕೆಳಗಿನ ಓಣಿಯಲ್ಲಿ ಇನ್ನೂ ಚೇತರಿಸಿಕೊಳ್ಳುತ್ತಿದ್ದ ಒಂಬತ್ತು ಮಕ್ಕಳಿಗೆ ಪೊಟ್ಟಣ ಬರೆದುಕೊಳ್ಳಲು ಕೂತರು. ಒಬ್ಬರಿಗೆ ದಿನಕ್ಕೆ ಎರಡು, ಮೂರು ದಿನಕ್ಕೆ. ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ನೀರಕ್ಕ ಹೇಳಿದಳು:

"ಐವತ್ನಾಲ್ಕು. ಒಂಬತ್ತೆರಡ್ಲಿ ಹದಿನೆಂಟು, ಹದಿನೆಂಟು ಮೂರ್ಲಿ ಐವತ್ನಾಲ್ಕು. ಸುಮ್ಮನೆ ಕೂಡಿಸಿದ್ರೆ ಹದಿನಾಲ್ಕೇ ಬರ್ತಿತ್ತು. ಅಷ್ಟೂ ಮಕ್ಕಳಿಗೆ ಒಂದು ದಿನಕ್ಕೂ ಸಾಲ್ತಿರಲಿಲ್ಲ."

ನರ್ಸಮ್ಮ ಐವತ್ತನಾಲ್ಕು ಎಂದು ಬರೆದುಕೊಂಡರು. ಮತ್ತೆ ಲೆಕ್ಕ ಹಾಕಿ ನೋಡಲಿಲ್ಲ.

ಓದುವ, ಕೇಳುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಬೀದಿಗೂ ಯಾರೋ ಒಬ್ಬರು ನೀರು ಬಿಡುತ್ತಾರೆ. ನೀವು ನಲ್ಲಿ ತಿರುಗಿಸುವ ಮುಂಚೆಯೇ ಎದ್ದು, ನಿಮ್ಮ ಮಕ್ಕಳ ಹೊಟ್ಟೆಗಾಗಿ ಪುಡಿ ಅಳೆಯುತ್ತಾರೆ. ಈ ವಾರ ಒಂದು ಟೇಪು ಹಿಡಿದು ಅವರ ಬಳಿ ಹೋಗಿ. ತಪ್ಪು ಹುಡುಕಲು ಹೋಗಬೇಡಿ, ಜೊತೆಗೆ ನಿಲ್ಲಲು ಹೋಗಿ. ನಾಲ್ಕು ಮೂಲೆಯ ತೊಟ್ಟಿಯಾದರೆ ಅದರ ಉದ್ದ, ಅಗಲ ಅಳೆಯಿರಿ. ಗೋಡೆಯ ಎತ್ತರ ಬೇಡ, ನೀರಿನ ಆಳ ಅಳೆಯಿರಿ. ಮೂರನ್ನೂ ಮೀಟರಿನಲ್ಲೇ ಅಳೆದು ಗುಣಿಸಿ. ಬಂದ ಅಂಕಿಯಷ್ಟು ಸಾವಿರ ಲೀಟರು ನೀರು ಅದರಲ್ಲಿದೆ. ಸಾವಿರ ಲೀಟರಿಗೆ ನಿಮ್ಮಲ್ಲಿರುವ ಪುಡಿ ಎಷ್ಟು ಬೇಕೆಂದು ನಿಮ್ಮ ಆರೋಗ್ಯ ಕಾರ್ಯಕರ್ತೆಯನ್ನೇ ಕೇಳಿ. ನೀರಕ್ಕನ ಚಮಚ ನಿಮ್ಮ ಚಮಚವಲ್ಲ, ಕಮ್ಮಿಯಾದರೂ ಕೆಡುಕು, ಹೆಚ್ಚಾದರೂ ಕೆಡುಕು.

ಔಷಧಿಯ ಮಾತ್ರೆ ತರುವಾಗಲೂ ಹೀಗೇ ಮಾಡಿ. ಒಂದು ಹೊತ್ತಿಗೆ ಎಷ್ಟು, ದಿನಕ್ಕೆ ಎಷ್ಟು ಸಲ, ಎಷ್ಟು ದಿನ? ಮೂರನ್ನೂ ಗುಣಿಸಿ. ಕೂಡಿಸಿದರೆ ನಡುವೆಯೇ ಮುಗಿದುಹೋಗುತ್ತದೆ.

ಲೆಕ್ಕ ಸರಿಯಿದ್ದರೆ ನೀರು ಬಿಡುವವರ ಕೈ ಹಿಡಿದು, ನಿಮ್ಮಿಂದ ನಮ್ಮ ಮನೆ ಚೆನ್ನಾಗಿದೆ ಎಂದು ಹೇಳಿ ಬನ್ನಿ. ಅವರಿಗೆ ಈ ಮಾತು ಹೇಳುವವರು ಕಡಿಮೆ. ಲೆಕ್ಕ ತಪ್ಪಿದ್ದು, ಅವರಾಗಿಯೇ ಅದನ್ನು ಒಪ್ಪಿಕೊಂಡರೆ, ಆ ಮಾತನ್ನು ಎರಡು ಸಲ ಹೇಳಿ.